ಹಿಂದಿನ ಚಕ್ರದ ಹಳದಿ ಗೆರೆ

ಊರೆಲ್ಲ ಅವನನ್ನು ಕರೆಯೋದು ಸಡ್ಲ ಅಂತ. ಹಾಲಿನ ಅಂಗಡಿಯವನು, ಕ್ಷೌರದವನು, ಎದುರುಮನೆಯ ಮುದುಕಿ, ಎಲ್ಲರ ಬಾಯಲ್ಲೂ ಅದೇ. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ನಟ್ಟು ಬಿಗಿ ಮಾಡೋದನ್ನೇ ಕಸುಬು ಮಾಡಿಕೊಂಡವನಿಗೆ ಸಡ್ಲ ಅಂತ ಹೆಸರಿಟ್ಟರೆ ಅದಕ್ಕಿಂತ ದೊಡ್ಡ ಬೈಗುಳ ಬೇಕಾ? ಹಾಗೆ ಮೊದಲು ಕರೆದವನ ನಾಲಿಗೆ ಬಿದ್ದುಹೋಗ. ನಾವಂತೂ ಈ ಕಥೆ ಮುಗಿಯೋವರೆಗೆ ಅವನನ್ನು ಮೇಸ್ತ್ರಿ ಅಂತಲೇ ಕರೆಯೋಣ.

ಮೇಸ್ತ್ರಿಗೆ ಈಗ ಐವತ್ತರ ಹತ್ತಿರ. ಗಿಡ್ಡ ಆಳು, ದಪ್ಪ ಬೆರಳು, ಮಾತು ಕಮ್ಮಿ. ಒಂದು ಕಾಲದಲ್ಲಿ ಪೇಟೆಯ ದೊಡ್ಡ ಗ್ಯಾರೇಜಿನಲ್ಲಿದ್ದ, ಬ್ರೇಕಿನ ಕೆಲಸದಲ್ಲಿ ಅವನನ್ನು ಮೀರಿಸೋರು ಇರಲಿಲ್ಲ. ಆ ಗ್ಯಾರೇಜಿನಲ್ಲಿ ಮೂವರು ಮೇಸ್ತ್ರಿಗಳು, ಮೂವರಿಗೂ ಒಂದೊಂದು ಬಣ್ಣ. ಒಬ್ಬನದು ಕೆಂಪು, ಒಬ್ಬನದು ನೀಲಿ, ಇವನದು ಹಳದಿ. ನಟ್ಟು ಪೂರ್ತಿ ಬಿಗಿಯಾದ ಮೇಲೆ ಅದರ ಮೇಲಿಂದ ಪಕ್ಕದ ಕಬ್ಬಿಣದ ಮೇಲಕ್ಕೆ ನೆಟ್ಟಗೆ ಒಂದು ಗೆರೆ ಎಳೆಯಬೇಕು. ಆಮೇಲೆ ನಟ್ಟು ತಾನಾಗಿ ಸಡಿಲವಾದರೂ ಅಷ್ಟೇ, ಯಾರಾದರೂ ತಿರುಗಿಸಿದರೂ ಅಷ್ಟೇ, ಗೆರೆ ಎರಡು ತುಂಡಾಗುತ್ತೆ. ಒಂದು ತುಂಡು ನಟ್ಟಿನ ಜೊತೆ ಹೋಗುತ್ತೆ, ಇನ್ನೊಂದು ಇದ್ದಲ್ಲೇ ಇರುತ್ತೆ. ಉಳಿದಿಬ್ಬರು ಅವಸರದಲ್ಲಿ ಎಷ್ಟೋ ಸಲ ಗೆರೆ ಮರೆಯುತ್ತಿದ್ದರು. ಮೇಸ್ತ್ರಿ ಮರೆಯುತ್ತಿರಲಿಲ್ಲ. ಅಂಗಿ ಜೇಬಿನಲ್ಲಿ ಯಾವಾಗಲೂ ಹಳದಿ ಪೇಂಟಿನ ಪುಟ್ಟ ಬಾಟಲಿ. ನೆಂಟರ ಮದುವೆಗೂ ಅದನ್ನು ಜೇಬಲ್ಲಿಟ್ಟುಕೊಂಡೇ ಬಂದಿದ್ದರು ಅಂತ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಒಂಬತ್ತು ವರ್ಷದ ಹಿಂದೆ ಕಂಟ್ರಾಕ್ಟರನ ಬಿಳಿ ಕಾರು ಬ್ರೇಕಿನ ಕೆಲಸಕ್ಕೆ ಬಂತು. ಊರಿನ ಅರ್ಧ ಕಟ್ಟಡ ಕಟ್ಟಿಸಿದ ಮನುಷ್ಯ. ಊರು ಅವನನ್ನು ಬಹುವಚನದಲ್ಲಿ ಕರೆಯುತ್ತೆ, ನಾವು ಏಕವಚನದಲ್ಲೇ ಹೇಳೋಣ, ಅಷ್ಟು ಸೇಡಾದರೂ ನಮ್ಮ ಪಾಲಿಗಿರಲಿ. ಮೇಸ್ತ್ರಿ ಹಿಂದಿನ ಬ್ರೇಕ್ ಪೈಪು ಬದಲಾಯಿಸಿ, ಬಿಗಿ ಮಾಡಿ, ಗೆರೆ ಎಳೆದು ಕಳಿಸಿದ. ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಆ ಕಾರು ಪೇಟೆಯ ಇಳಿಜಾರಿನಲ್ಲಿ ಬಂದದ್ದು ಬಂದ ಹಾಗೇ ಬಟ್ಟೆ ಅಂಗಡಿಯ ಜಗುಲಿಗೆ ನುಗ್ಗಿತು. ಜಗುಲಿ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ ಟೈಲರಕ್ಕನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಕಾರಿಂದಿಳಿದ ಕಂಟ್ರಾಕ್ಟರ ಆ ಹೆಂಗಸಿನ ಕಡೆ ನೋಡಲೂ ಇಲ್ಲ. ಬೀದಿಗೆಲ್ಲ ಕೇಳೋ ಹಾಗೆ ಕೂಗಿದ: "ಬ್ರೇಕ್ ಹಿಡೀಲಿಲ್ಲ! ನಿನ್ನೆ ತಾನೇ ಗ್ಯಾರೇಜಿಂದ ತಂದಿದ್ದೀನಿ, ಬ್ರೇಕೇ ಹಿಡೀಲಿಲ್ಲ!" ಗ್ಯಾರೇಜಿನ ಯಜಮಾನ ಓಡಿ ಬಂದು ಕಾರಿನ ಕೆಳಗೆ ತೂರಿದ. ಐದು ನಿಮಿಷ ಬಿಟ್ಟು ಕೈ ಒರೆಸಿಕೊಳ್ಳುತ್ತಾ ಎದ್ದು, "ಹಿಂದಿನ ಪೈಪಿನ ನಟ್ಟು ಸಡಿಲ ಬಿಟ್ಟಿದ್ದಾನೆ. ಈಗ ನಾನೇ ಬಿಗಿ ಮಾಡಿದೆ" ಅಂದ. ಕಂಟ್ರಾಕ್ಟರನ ಹತ್ತು ಲಾರಿ ಅದೇ ಗ್ಯಾರೇಜಿಗೆ ಬರುತ್ತಿದ್ದವು ಅನ್ನೋದನ್ನ ಇಲ್ಲೇ ಹೇಳಿಬಿಡೋದು ಒಳ್ಳೇದು.

"ಗೆರೆ ನೋಡ್ರೀ! ನಾನು ಗೆರೆ ಎಳೆದಿದ್ದೀನಿ, ಗೆರೆ ನೋಡ್ರೀ!" ಅಂತ ಮೇಸ್ತ್ರಿ ಬಾಯಿ ಬಾಯಿ ಬಡಿದುಕೊಂಡ.

"ಎಳೆದಿದ್ರೆ ತಾನೇ ಇರೋದು?" ಅಂದ ಯಜಮಾನ.

ಮೇಸ್ತ್ರಿಯನ್ನು ಕಾರಿನ ಹತ್ತಿರಕ್ಕೂ ಬಿಡಲಿಲ್ಲ. ಅವತ್ತೇ ಸಂಜೆ ಕಾರನ್ನು ಬೇರೆ ಊರಿಗೆ ಸಾಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯ್ತು. ಪೊಲೀಸರ ಕಾಗದದಲ್ಲಿ ಮೆಕ್ಯಾನಿಕ್ಕಿನ ಅಜಾಗರೂಕತೆ ಅಂತ ಬಿತ್ತು. ಕೆಲಸ ಹೋಯಿತು, ಬೇರೆ ಯಾವ ಗ್ಯಾರೇಜಿನವರೂ ಒಳಗೆ ಸೇರಿಸಲಿಲ್ಲ, ಸಡ್ಲ ಅನ್ನೋ ಹೆಸರು ಮೈಗೆ ಅಂಟಿಕೊಂಡಿತು.

ಆದರೆ ಇದ್ಯಾವುದೂ ಅವನನ್ನು ತಿಂದಿದ್ದಲ್ಲ. ಅವನನ್ನು ತಿಂದದ್ದು ಯಜಮಾನನ ಆ ಒಂದು ಮಾತು. ಎಳೆದಿದ್ರೆ ತಾನೇ ಇರೋದು. ದಿನಕ್ಕೆ ನೂರು ನಟ್ಟಿಗೆ ಗೆರೆ ಎಳೆಯೋ ಕೈ, ಆ ಒಂದಕ್ಕೆ ಎಳೆದಿತ್ತೋ ಇಲ್ಲವೋ ಅಂತ ಹೇಗೆ ನೆನಪಿರುತ್ತೆ? ಮೊದಲನೇ ವರ್ಷ ಎಳೆದಿದ್ದೆ ಅಂತ ಆಣೆ ಮಾಡಿ ಹೇಳುತ್ತಿದ್ದ. ಮೂರನೇ ವರ್ಷಕ್ಕೆ ಎಳೆದಿರಬೇಕು ಅನ್ನೋಕೆ ಶುರು ಮಾಡಿದ. ಆಮೇಲೆ ಆ ಮಾತೇ ನಿಂತುಹೋಯಿತು. "ಮರೆತಿರಬೋದು ಬಿಡ್ರೀ, ನೀವೂ ಮನುಷ್ಯರೇ ಅಲ್ವಾ" ಅಂತ ಹೆಂಡತಿ ಒಮ್ಮೆ ಸಮಾಧಾನಕ್ಕೆ ಹೇಳಿದಾಗ ಊಟದ ತಟ್ಟೆ ಬಿಟ್ಟು ಎದ್ದು ಹೋಗಿದ್ದ. ಮನೆಯ ಬಾಗಿಲ ಚಿಲಕ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದ. ನಲ್ಲಿ ನಿಲ್ಲಿಸಿದರೆ ಮತ್ತೆ ಹೋಗಿ ಮುಟ್ಟಿ ಬರುತ್ತಿದ್ದ. ತನ್ನ ಕೈಯನ್ನೇ ತಾನು ನಂಬದ ಮೆಕ್ಯಾನಿಕ್ಕು ಬದುಕಿದ್ದೂ ಸತ್ತ ಹಾಗೆ.

ಇನ್ನು ಟೈಲರಕ್ಕ ಇರೋದು ಅವನ ಬೀದಿಯ ತುದಿಮನೆಯಲ್ಲೇ. ಈಗ ಮನೆಯೊಳಗೆ ಬೀದಿಬಾಗಿಲ ಪಕ್ಕದಲ್ಲೇ ಕೂತು ಬಲಗಾಲಲ್ಲೇ ಯಂತ್ರ ತುಳಿಯುತ್ತಾಳೆ. ಮೇಸ್ತ್ರಿ ಆ ಮನೆ ಮುಂದೆ ಹಾದುಹೋದಾಗಲೆಲ್ಲ ಊರುಗೋಲು ಎತ್ತಿ ಬಾಗಿಲ ಚೌಕಟ್ಟಿಗೆ ಟಕ್ ಅಂತ ಹೊಡೆಯುತ್ತಿದ್ದಳು. ಮಾತಿಲ್ಲ, ಬೈಗುಳ ಇಲ್ಲ. ಆ ಒಂದು ಏಟು ಅಷ್ಟೇ. ಒಂಬತ್ತು ವರ್ಷ ದಿನಕ್ಕೆ ಎರಡು ಸಲ ಮೇಸ್ತ್ರಿ ಅದನ್ನು ತಲೆ ತಗ್ಗಿಸಿ ತಗೊಂಡ. ಬೇರೆ ಬೀದಿಯಿಂದ ಸುತ್ತಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ.

ಕಡೆಗೆ ಅವನಿಗೆ ಕೆಲಸ ಕೊಟ್ಟದ್ದು ಹಳೇ ಕಾರು ದಾನ ತಗೊಳ್ಳೋ ಒಂದು ಟ್ರಸ್ಟು. ಉಳ್ಳವರು ತಮಗೆ ಬೇಡವಾದ ಕಾರು ತಂದು ಕೊಡುತ್ತಾರೆ, ಟ್ರಸ್ಟಿನ ಶೆಡ್ಡಿನಲ್ಲಿ ಮೇಸ್ತ್ರಿ ಅದನ್ನು ರಿಪೇರಿ ಮಾಡುತ್ತಾನೆ, ಓಡೋ ಸ್ಥಿತಿಗೆ ಬಂದರೆ ಅಗತ್ಯ ಇದ್ದವರಿಗೆ ಹೋಗುತ್ತೆ, ಇಲ್ಲದಿದ್ದರೆ ಗುಜರಿಗೆ. ಅಲ್ಲಿಯ ಮ್ಯಾನೇಜರಮ್ಮ ಕಾನೂನಿನ ಹೆಂಗಸು. ಅವಳು ಎರಡು ಪದ್ಧತಿ ಮಾಡಿಟ್ಟಿದ್ದಾಳೆ. ಕಾರು ಕೈ ಬದಲಾಯಿಸೋ ದಿನ ಮೆಕ್ಯಾನಿಕ್ಕು ಅದರ ಪರೀಕ್ಷೆಯ ವರದಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಓದಿದ್ದೆಲ್ಲ ನಿಜ ಅಂತ ಕೊಟ್ಟವರು ಸಹಿ ಹಾಕಬೇಕು. ಇದು ಒಂದು. ಕಾರಿನ ಬಾಗಿಲ ಮೇಲೆ ಕೊಟ್ಟವರ ಹೆಸರು ಬರೆಸಬೇಕು, ಅದರ ಕೆಳಗೆ ತಗೊಂಡವರು ತಮಗಿಷ್ಟ ಬಂದ ಒಂದು ಸಾಲು ಬರೆಸಿಕೊಳ್ಳಬಹುದು. ಇದು ಇನ್ನೊಂದು. ಕೆಲವರು ಅಮ್ಮನ ಆಶೀರ್ವಾದ ಅಂತ ಬರೆಸುತ್ತಾರೆ, ಒಬ್ಬ ತರಕಾರಿಯವನು ಹಾರ್ನ್ ಮಾಡಿದರೆ ನಿಲ್ಲಿಸ್ತೀನಿ ಅಂತ ಬರೆಸಿದ್ದ.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ" ಅಂತ ಜನ ಆ ವರದಿ ಬಗ್ಗೆ ನಗುತ್ತಾರೆ. ಮ್ಯಾನೇಜರಮ್ಮ ಕ್ಯಾರೇ ಅನ್ನೋಲ್ಲ. "ಹೌದು, ಮೊಳ ಹಾಕೋದೇ. ಹಿತ್ತಲಲ್ಲಿ ಯಾಕೆ, ಅಂಗಳದಲ್ಲೇ ಹಾಕ್ತೀನಿ" ಅನ್ನುತ್ತಾಳೆ.

ಒಂದು ಮಂಗಳವಾರ ಶೆಡ್ಡಿಗೆ ಬಿಳಿ ಕಾರೊಂದು ಬಂತು. ಮೇಸ್ತ್ರಿ ನಂಬರ್ ಪ್ಲೇಟು ನೋಡಿದ. ಕೈಲಿದ್ದ ಸ್ಪ್ಯಾನರು ನೆಲಕ್ಕೆ ಬಿತ್ತು.

ಹಿಂದಿನಿಂದ ಬೇರೊಂದು ಕಾರಲ್ಲಿ ಕಂಟ್ರಾಕ್ಟರನೇ ಬಂದ. ಕೂದಲು ಪೂರ್ತಿ ನರೆತಿತ್ತು, ಗತ್ತು ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಊರಿನ ಕಟ್ಟಡದವರ ಸಂಘಕ್ಕೆ ಅಧ್ಯಕ್ಷನಾಗೋ ಆಸೆ ಹುಟ್ಟಿತ್ತಂತೆ, ಅದಕ್ಕೆ ಧರ್ಮಿಷ್ಠ ಅನ್ನಿಸಿಕೊಳ್ಳೋ ಫೋಟೋ ಬೇಕಿತ್ತು. ಅಪಘಾತ ಆದಮೇಲೆ ಈ ಕಾರಲ್ಲಿ ಕೂರೋಕೆ ಅವನ ಹೆಂಡತಿ ಒಪ್ಪಿರಲಿಲ್ಲ. ಮುಂಭಾಗ ರಿಪೇರಿ ಮಾಡಿಸಿ ಗೋಡೌನಿನ ಮೂಲೆಯಲ್ಲಿ ನಿಲ್ಲಿಸಿದ್ದು, ವರ್ಷಕ್ಕೊಮ್ಮೆ ಯಾರೋ ಗುಮಾಸ್ತ ಓಡಿಸಿದರೆ ಉಂಟು ಇಲ್ಲದಿದ್ದರೆ ಇಲ್ಲ. ಮೂಲೆಯ ಕಸ ದಾನ ಕೊಟ್ಟು ಪುಣ್ಯ ಕಟ್ಟಿಕೊಳ್ಳೋ ಜಾಣತನ ನೋಡಿ!

"ನನ್ನ ಹೆಸರು ಬಾಗಿಲ ಮೇಲೆ ಗೇಣುದ್ದ ಇರಬೇಕು. ಕಾರು ಓಡೋವರೆಗೂ ಯಾರೂ ಅಳಿಸಕೂಡದು. ಬರೆದುಕೊಡ್ತೀರಾ?" ಅಂದ.

"ಬರೆದುಕೊಡ್ತೀವಿ. ನೀವೂ ಸಹಿ ಹಾಕಿ" ಅಂದಳು ಮ್ಯಾನೇಜರಮ್ಮ. ಹಾಕಿದ.

ಹೋಗುವಾಗ ಮೇಸ್ತ್ರಿಯ ಭುಜ ತಟ್ಟಿ, "ಏನಪ್ಪಾ, ಚೆನ್ನಾಗಿ ಒರೆಸಿಡು. ಭಾನುವಾರ ಫೋಟೋದವರು ಬರ್ತಾರೆ" ಅಂದ.

ಗುರುತೇ ಸಿಕ್ಕಿರಲಿಲ್ಲ! ಒಬ್ಬನ ಬಾಳು ಹಾಳು ಮಾಡಿದವನಿಗೆ ಆ ಒಬ್ಬನ ಮುಖವೂ ನೆನಪಿಲ್ಲ. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ತಟ್ಟಿಸಿಕೊಂಡ ಭುಜವನ್ನು ಕೊಳಕು ಬಟ್ಟೆಯಿಂದ ಒರೆಸಿಕೊಂಡ.

ಮೊದಲು ಬಂದ ಯೋಚನೆ, ಇದನ್ನು ಗುಜರಿಗೆ ಹಾಕಿಬಿಡೋಣ ಅಂತ. ಒಂದು ಸಾಲು ಬರೆದರೆ ಸಾಕು, ಕಾರು ಅಪ್ಪಚ್ಚಿ, ಫೋಟೋನೂ ಇಲ್ಲ, ಹೆಸರೂ ಇಲ್ಲ. ಆಮೇಲೆ ಬಂದದ್ದು ಅದಕ್ಕಿಂತ ಕೆಟ್ಟ ಯೋಚನೆ. ಭಾನುವಾರ ಗೇಟಿನಿಂದ ವೇದಿಕೆವರೆಗೆ ತಾನೇ ಓಡಿಸಿಕೊಂಡು ಬರುತ್ತೀನಿ ಅಂದಿದ್ದಾನಲ್ಲ ಕಂಟ್ರಾಕ್ಟರ. ಹಿಂದಿನ ನಟ್ಟನ್ನು ನಿಜವಾಗಲೂ ಸಡಿಲ ಬಿಟ್ಟರೆ? ಹೇಗೂ ಹೆಸರು ಬಂದಿದೆ. ಮಾಡದೇ ಬಂದ ಹೆಸರಿಗೆ ಮಾಡಿಯಾದರೂ ನ್ಯಾಯ ಒದಗಿಸೋಣ.

ಕಾರನ್ನು ರ‍್ಯಾಂಪಿನ ಮೇಲೆ ಎತ್ತಿ ನಿಲ್ಲಿಸಿ, ಸ್ಪ್ಯಾನರು ಹಿಡಿದು ಕೆಳಗೆ ಹೋದ. ಹಿಂದಿನ ಎಡ ಚಕ್ರದ ಹತ್ತಿರ, ಕಬ್ಬಿಣದ ಪೈಪು ರಬ್ಬರ್ ಪೈಪಿಗೆ ಸೇರೋ ಕಡೆ ಆ ನಟ್ಟಿತ್ತು. ಮೇಲೆ ಬೆರಳು ದಪ್ಪ ಒಣಮಣ್ಣು. ಸ್ಪ್ಯಾನರು ಕೂರಬೇಕಾದರೆ ಮಣ್ಣು ತೆಗೀಬೇಕು. ಉಗುರಿನಿಂದ ಕೆರೆದ. ಹೆಪ್ಪುಗಟ್ಟಿದ ಮಣ್ಣಿನ ಒಂದು ಚಕ್ಕೆ ಎದ್ದು ಬಂತು.

ಅದರ ಕೆಳಗೆ ಹಳದಿ.

ಪಕ್ಕದಲ್ಲೇ ಸೀಮೆಎಣ್ಣೆಯ ಡಬ್ಬಿ ಇತ್ತು, ಮೇಸ್ತ್ರಿ ಮುಟ್ಟಲಿಲ್ಲ, ಸೀಮೆಎಣ್ಣೆ ತಾಕಿದರೆ ಪೇಂಟು ಎದ್ದುಹೋಗುತ್ತೆ. ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಎಳೇ ಮಗುವಿನ ಮುಖ ಒರೆಸೋ ಹಾಗೆ ಒರೆಸಿದ. ನಟ್ಟಿನ ನೆತ್ತಿಯಿಂದ ಶುರುವಾಗಿ ಪಕ್ಕದ ಕಬ್ಬಿಣದವರೆಗೆ ನೆಟ್ಟಗೆ ಒಂದು ಗೆರೆ. ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ.

ಅಂದರೆ ನಟ್ಟು ಯಾವತ್ತೂ ಸಡಿಲವಾಗಿರಲಿಲ್ಲ. ಇವತ್ತಿನವರೆಗೆ ಯಾರೂ ಅದನ್ನು ಬಿಗಿ ಮಾಡಿಯೂ ಇಲ್ಲ. ನಾನೇ ಬಿಗಿ ಮಾಡಿದೆ ಅಂದನಲ್ಲ ಯಜಮಾನ, ಅವನು ಐದು ನಿಮಿಷ ಸುಮ್ಮನೆ ಕಾರಿನ ಕೆಳಗೆ ಮಲಗಿ ಎದ್ದು ಬಂದಿದ್ದ. ಬ್ರೇಕು ಸರಿಯಾಗಿತ್ತು. ಒಂಬತ್ತು ವರ್ಷ ಸರಿಯಾಗೇ ಇತ್ತು.

ಮೇಸ್ತ್ರಿ ರ‍್ಯಾಂಪಿನ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತ. ನಾಚಿಕೆಪಡಲಿಲ್ಲ. ಅತ್ತು ಮುಗಿದ ಮೇಲೆ ತನ್ನ ಬಲಗೈ ಬೆರಳುಗಳನ್ನು ಒಂದೊಂದಾಗಿ ನೋಡಿದ. ಪಾಪ, ಆ ಬೆರಳುಗಳು, ಎಷ್ಟು ವರ್ಷ ಅವನ್ನ ಬೈದಿದ್ದ! ಯಜಮಾನ ಎರಡು ವರ್ಷದ ಹಿಂದೆಯೇ ಸತ್ತಿದ್ದ, ಅವನ ಮೇಲೆ ಸೇಡು ತೀರಿಸಿಕೊಳ್ಳೋ ಹಾಗಿಲ್ಲ. ಆ ಹಗೆಯೂ ಸೇರಿ ಬಡ್ಡಿಸಮೇತ ಕಂಟ್ರಾಕ್ಟರನ ಪಾಲಿಗೆ ಬಂತು. ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟ. ಈ ನಟ್ಟನ್ನು ಮುಟ್ಟಿದರೆ ಗೆರೆ ತುಂಡಾಗುತ್ತೆ, ಗೆರೆ ತುಂಡಾದರೆ ಗೆದ್ದವನು ಕಂಟ್ರಾಕ್ಟರನೇ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತ.

"ಮರೆತಿರಲಿಲ್ಲ ಕಣೇ" ಅಂದ.

ಹೆಂಡತಿಗೆ ಯಾವುದು ಅಂತ ಕೇಳಬೇಕಾಗಲಿಲ್ಲ. ಒಲೆ ಆರಿಸಿ ಅವನ ಮುಖ ನೋಡಿದಳು. ಎಲ್ಲ ಕೇಳಿಸಿಕೊಂಡ ಮೇಲೆ, "ನಾನೂ ಅಂದುಬಿಟ್ಟಿದ್ದೆ ಅಲ್ವಾ ಅವತ್ತು. ತಪ್ಪಾಯ್ತು ರೀ" ಅಂತ ಕಣ್ಣೊರೆಸಿಕೊಂಡಳು. ಒರೆಸಿಕೊಂಡವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಈಗ ಅವನನ್ನ ಸುಮ್ನೆ ಬಿಡ್ತೀರಾ? ಬಿಟ್ರೆ ನೋಡಿ, ನಾನೇ ಹೋಗಿ ಅವನ ಮಾನ ಹರಾಜು ಹಾಕ್ತೀನಿ!"

"ಹರಾಜು ನಾನೇ ಹಾಕ್ತೀನಿ, ಭಾನುವಾರ ಬರಲಿ. ಅದಕ್ಕಿಂತ ಮುಂಚೆ ಒಬ್ಬರಿಗೆ ತೋರಿಸಬೇಕು."

ಮಾರನೇ ಬೆಳಗ್ಗೆ ಟೈಲರಕ್ಕನ ಮನೆ ಮುಂದೆ ಬಂದ. ಊರುಗೋಲು ಚೌಕಟ್ಟಿಗೆ ಟಕ್ ಅಂತು. ಯಾವತ್ತೂ ನಿಲ್ಲದವನು ಅವತ್ತು ನಿಂತ.

"ಅಕ್ಕಾ, ಆ ಕಾರು ನಮ್ಮ ಶೆಡ್ಡಿಗೆ ಬಂದಿದೆ. ಒಂದು ಸಲ ಬಂದು ನೋಡು."

"ನನ್ನ ಕಾಲು ತಿಂದ ಕಾರನ್ನ ನಾನು ನೋಡಬೇಕಾ? ಹೋಗೋ, ಹೋಗೋ. ಮುಖ ತೋರಿಸಬೇಡ ನನಗೆ."

"ನೋಡಿ ಆದಮೇಲೂ ತಪ್ಪು ನಂದೇ ಅನ್ನಿಸಿದ್ರೆ ಆ ಕೋಲಲ್ಲಿ ಬಾಗಿಲಿಗೆ ಹೊಡೀಬೇಡ. ನನ್ನ ತಲೆಗೇ ಹೊಡಿ."

ಟೈಲರಕ್ಕ ಅವನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಆಮೇಲೆ ಯಂತ್ರದ ಮೇಲಿದ್ದ ಬಟ್ಟೆ ಮಡಿಚಿಟ್ಟಳು.

ಕಾರು ರ‍್ಯಾಂಪಿನ ಮೇಲೇ ಇತ್ತು, ಅವಳು ಬಗ್ಗಬೇಕಾಗಲಿಲ್ಲ. ಮೇಸ್ತ್ರಿ ಟಾರ್ಚು ಹಿಡಿದು ಗೆರೆ ತೋರಿಸಿದ. ವಿವರಿಸೋಕೆ ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಎತ್ತಿ ತಡೆದಳು. ನಲವತ್ತು ವರ್ಷ ಬಟ್ಟೆ ಕತ್ತರಿಸಿದವಳು ಅವಳು. ತೋಳು ಹೆಗಲಿಗೆ ಸೇರೋ ಕಡೆ ಎರಡೂ ತುಂಡಿನ ಮೇಲೆ ಸೀಮೆಸುಣ್ಣದಿಂದ ಗುರುತು ಎಳೆದು, ಗುರುತಿಗೆ ಗುರುತು ಕೂಡಿಸಿ ಹೊಲಿಯೋದು ಅವಳ ಕಸುಬು.

"ಜಾರಿದ್ರೆ ಕೂಡ್ತಿರಲಿಲ್ಲ" ಅಂದಳು ಮೆಲ್ಲಗೆ.

"ಹೂಂ ಅಕ್ಕ."

"ಬಿಚ್ಚಿ ಮತ್ತೆ ಹಾಕಿದ್ರೂ ಹಿಂಗೆ ಕೂಡಲ್ಲ."

"ಇಲ್ಲ ಅಕ್ಕ."

"ಹಾಳಾಗ್ ಹೋಗ" ಅಂದಳು ಟೈಲರಕ್ಕ, ಹಲ್ಲು ಕಚ್ಚಿಕೊಂಡು. "ಒಂಬತ್ತು ವರ್ಷ ನಿನಗೆ ಹಾಕಿದ ಶಾಪ ಎಲ್ಲಾ ದಂಡ ಆಯ್ತಲ್ಲೋ! ಬೆಳಗ್ಗೆ ಎದ್ದು ಮುಖ ತೊಳೆಯೋಕ್ಕಿಂತ ಮುಂಚೆ ನಿನಗೆ ಶಾಪ ಹಾಕ್ತಿದ್ದೆ. ಈಗ ಮೊದಲಿಂದ ಶುರು ಮಾಡಬೇಕು."

"ಶುರು ಮಾಡು. ಭಾನುವಾರದಿಂದಲೇ ಮಾಡು. ಬರ್ತೀಯಲ್ಲ?"

"ಕರೆಯದಿದ್ರೂ ಬರ್ತಿದ್ದೆ" ಅಂದಳು.

ಭಾನುವಾರದವರೆಗೆ ಮೇಸ್ತ್ರಿ ಆ ಕಾರಿನ ಮೇಲೆ ಬಿದ್ದು ಕೆಲಸ ಮಾಡಿದ. ಮುಂದಿನ ಬ್ರೇಕು ಹೊಸದು ಹಾಕಿದ, ಟೈರು ಬದಲಾಯಿಸಿದ, ಇಂಜಿನ್ ಬಿಚ್ಚಿ ಜೋಡಿಸಿದ. ಹಿಂದಿನ ಆ ಒಂದು ನಟ್ಟನ್ನು ಮಾತ್ರ ಮುಟ್ಟಲಿಲ್ಲ, ಪೆಡಲು ಎಷ್ಟು ಒತ್ತಿ ನೋಡಿದರೂ ಒಂದು ಹನಿ ಸೋರಲಿಲ್ಲ. ಕಾರು ಹೋಗಬೇಕಾಗಿದ್ದದ್ದು ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳೋ ಒಬ್ಬ ನರ್ಸಮ್ಮನಿಗೆ. ಟೈಲರಕ್ಕನ ಕಾಲಿನ ಗಾಯಕ್ಕೆ ಎರಡು ವರ್ಷ ಪಟ್ಟಿ ಕಟ್ಟಿದವಳೂ ಅವಳೇ. ಮೇಸ್ತ್ರಿ ಬರೆದ ವರದಿಯನ್ನು ಮ್ಯಾನೇಜರಮ್ಮ ಓದಿದಳು, ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದಳು, ತಾನೇ ರ‍್ಯಾಂಪಿನ ಕೆಳಗೆ ಹೋಗಿ ನೋಡಿ ಬಂದಳು.

"ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ತಾನೇ, ಮೇಸ್ತ್ರಿ?"

"ಇಲ್ಲ ಮೇಡಂ."

"ಹಾಗಿದ್ರೆ ಓದಿ. ಗಟ್ಟಿಯಾಗಿ ಓದಿ."

ಭಾನುವಾರ ಶೆಡ್ಡಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಕಂಟ್ರಾಕ್ಟರನ ಕಡೆಯವರೇ ಐವತ್ತು ಜನ, ಪತ್ರಿಕೆಯವರು ಇಬ್ಬರು, ಪೇಟೆಯವರು ಬೇರೆ. ಕಂಟ್ರಾಕ್ಟರ ಕಾರು ಓಡಿಸಿಕೊಂಡು ಬಂದು ವೇದಿಕೆ ಮುಂದೆ ನಿಲ್ಲಿಸಿದ. ಬ್ರೇಕ್ ಕಚ್ಚಿ ಹಿಡಿಯಿತು. ಬಾಗಿಲ ಮೇಲೆ ಅವನ ಹೆಸರು ಗೇಣುದ್ದ ಹೊಳೆಯುತ್ತಿತ್ತು. ಟೈಲರಕ್ಕ ಮೊದಲನೇ ಸಾಲಲ್ಲಿ ಕೂತಿದ್ದಳು. ಅವನು ಅವಳಿಗೂ ಕೈ ಮುಗಿದ, ಎಲ್ಲರಿಗೂ ಮುಗಿಯೋ ಹಾಗೆ.

ಮೇಸ್ತ್ರಿ ಮೈಕಿನ ಮುಂದೆ ನಿಂತ. ವರದಿ ಬಿಚ್ಚಿ ಓದೋಕೆ ಶುರು ಮಾಡಿದ. ಇಂಜಿನ್ ಇಂಥಾದ್ದು, ಟೈರು ಹೊಸದು, ದೀಪ ಸರಿ. ಕಂಟ್ರಾಕ್ಟರ ಫೋಟೋದವನಿಗೆ ಎಡಗಡೆಯಿಂದ ತೆಗಿ ಅಂತ ಸನ್ನೆ ಮಾಡುತ್ತಿದ್ದ.

"ಹಿಂದಿನ ಬ್ರೇಕ್ ಪೈಪಿನ ನಟ್ಟು" ಅಂತ ಓದಿದ ಮೇಸ್ತ್ರಿ. "ಒಂಬತ್ತು ವರ್ಷದ ಹಿಂದೆ ಬಿಗಿ ಮಾಡಿ ಎಳೆದ ಹಳದಿ ಗೆರೆ ಇವತ್ತಿಗೂ ತುಂಡಾಗದೆ ನೆಟ್ಟಗಿದೆ. ಅವತ್ತಿನಿಂದ ಇವತ್ತಿನವರೆಗೆ ಈ ನಟ್ಟು ಸಡಿಲವಾಗಿಲ್ಲ. ಯಾರೂ ಇದನ್ನು ಬಿಗಿ ಮಾಡಿಲ್ಲ. ಬ್ರೇಕು ಆಗಲೂ ಸರಿಯಾಗಿತ್ತು, ಈಗಲೂ ಸರಿಯಾಗಿದೆ."

ಹಿಂದಿನ ಸಾಲಲ್ಲಿ ಪೇಟೆಯ ಜನ ಗುಸುಗುಸು ಶುರು ಮಾಡಿದರು. ಕಂಟ್ರಾಕ್ಟರನ ಕಿವಿಗೆ ಅದು ಬೀಳಲಿಲ್ಲ. ಮ್ಯಾನೇಜರಮ್ಮ ಕಾಗದ ಮುಂದಿಟ್ಟಳು. "ಈಗ ಓದಿದ್ದೆಲ್ಲ ನಿಜ ಅಂತ ಇಲ್ಲೊಂದು ಸಹಿ ಹಾಕಿ ಸಾರ್." ಅವನು ಕ್ಯಾಮೆರಾ ನೋಡಿ ನಗುತ್ತಾ ಸಹಿ ಹಾಕಿದ. ತನ್ನ ಕೈಯಾರೆ ಹಾಕಿದ.

ಟೈಲರಕ್ಕ ಊರುಗೋಲು ಊರಿ ಎದ್ದಳು.

"ಸ್ವಾಮಿ, ನಂದೊಂದು ಪ್ರಶ್ನೆ. ಬ್ರೇಕು ಸರಿಯಾಗಿತ್ತು ಅಂತ ಈಗ ಸಹಿ ಹಾಕಿದ್ರಲ್ಲ. ಹಾಗಿದ್ರೆ ಅವತ್ತು ನೀವು ಬ್ರೇಕ್ ಯಾಕೆ ಒತ್ತಲಿಲ್ಲ?"

ಕಂಟ್ರಾಕ್ಟರ ಅವಳ ಮುಖ ನೋಡಿದ. ಕೆಳಗೆ ನೋಡಿದ, ಒಂದು ಕಾಲು ಇಲ್ಲದ ಜಾಗ ನೋಡಿದ. ಆಗ ಗುರುತು ಸಿಕ್ಕಿತು. ಪಕ್ಕದಲ್ಲಿ ನಿಂತವನು ಯಾರು ಅಂತಲೂ ಆಗಲೇ ಹೊಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವನ ಬಾಯಿಂದ ಮಾತು ಜಾರಿಬಿಟ್ಟಿತು.

"ಫೋನ್ ಕೆಳಗೆ ಬಿತ್ತು. ಒಂದೇ ಒಂದು ಗಳಿಗೆ ಬಗ್ಗಿದ್ದೆ, ಅಷ್ಟೇ..."

ಅಷ್ಟೇ ಅಂತೆ! ಒಂದು ಕಾಲು, ಒಬ್ಬನ ಹೆಸರು, ಒಂಬತ್ತು ವರ್ಷ, ಅಷ್ಟೇ. ಮೈಕು ಇನ್ನೂ ಆನ್ ಇತ್ತು. ಪತ್ರಿಕೆಯವರು ಬರೆದುಕೊಂಡರು. ಮೇಸ್ತ್ರಿ ಒಂಬತ್ತು ವರ್ಷ ಮನಸ್ಸಿನಲ್ಲೇ ರೂಢಿ ಮಾಡಿಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಬೇಕಾಗಲೂ ಇಲ್ಲ, ಹೆಂಡತಿ ಕುರ್ಚಿ ಮೇಲೆ ಹತ್ತಿ ನಿಂತು ಅವನ ಪಾಲಿನದನ್ನೂ ಸೇರಿಸಿ ಬೈದಳು.

ಗಲಾಟೆ ತಣ್ಣಗಾದ ಮೇಲೆ ಮ್ಯಾನೇಜರಮ್ಮ ಕೀಲಿಯನ್ನು ನರ್ಸಮ್ಮನ ಕೈಗಿಟ್ಟು, "ನಿಮ್ಮ ಸಾಲು ಏನು ಬರೆಸಲಿ?" ಅಂತ ಕೇಳಿದಳು.

"ನನ್ನ ಸಾಲು ಅಕ್ಕನಿಗೆ ಕೊಟ್ಟಿದ್ದೀನಿ" ಅಂದಳು ನರ್ಸಮ್ಮ.

ಟೈಲರಕ್ಕ ಮೇಸ್ತ್ರಿಯ ಕಡೆ ಕೈ ಚಾಚಿ, "ಆ ಬಾಟಲಿ ಕೊಡು" ಅಂದಳು. ಅಂಗಿ ಜೇಬಿನ ಹಳದಿ ಬಾಟಲಿ ಕೈಗೆ ಬಂದ ಮೇಲೆ ಬಾಗಿಲಿಗೆ ಒರಗಿ ನಿಂತು, ಗೇಣುದ್ದದ ಹೆಸರಿನ ಕೆಳಗೆ, ಟೈಲರ್ ಕೈಯ ನೆಟ್ಟನೆ ಅಕ್ಷರದಲ್ಲಿ ತಾನೇ ಬರೆದಳು: ಬ್ರೇಕ್ ಸರಿಯಾಗಿತ್ತು.

ಕಂಟ್ರಾಕ್ಟರ ಸಂಘದ ಅಧ್ಯಕ್ಷನಾಗಲಿಲ್ಲ. ಹಳೇ ಕೇಸು ಮತ್ತೆ ತೆರೆಯಿತು, ಅದು ತನ್ನ ಪಾಡಿಗೆ ತಾನು ಕುಂಟುತ್ತಾ ನಡೆದಿದೆ. ಅದರ ಮೇಲೆ ಯಾರಿಗೂ ಅಂಥ ಆಸೆಯಿಲ್ಲ. ನಿಜವಾದ ಶಿಕ್ಷೆ ಬೀದಿಯಲ್ಲಿ ಓಡಾಡುತ್ತಿದೆ. ನರ್ಸಮ್ಮ ದಿನಕ್ಕೆ ಹದಿನೈದು ಮನೆಗೆ ಹೋಗುತ್ತಾಳೆ, ಆಸ್ಪತ್ರೆ ಮುಂದೆ, ಶಾಲೆ ಮುಂದೆ, ಪೇಟೆಯ ಅದೇ ಇಳಿಜಾರಿನಲ್ಲಿ ಕಾರು ನಿಲ್ಲುತ್ತೆ. ಓದು ಬಂದವರು ಓದುತ್ತಾರೆ, ಬಾರದವರು ಓದಿಸಿಕೊಳ್ಳುತ್ತಾರೆ. ಒಂದು ಸಲ ಸಿಗ್ನಲ್ಲಿನಲ್ಲಿ ಕಂಟ್ರಾಕ್ಟರನ ಹೊಸ ಕಾರಿನ ಪಕ್ಕದಲ್ಲೇ ಬಂದು ನಿಂತಿತಂತೆ, ಮೊಮ್ಮಗಳು ಕಿಟಕಿಯಿಂದ ಜೋರಾಗಿ ಓದಿ, "ತಾತಾ, ಹಂಗಂದ್ರೆ ಏನು?" ಅಂತ ಕೇಳಿದಳಂತೆ. ಮಾಡಿದ್ದುಣ್ಣೋ ಮಹಾರಾಯ.

ಆಮೇಲೆ ಒಂದು ದಿನ ಅವನು ಟ್ರಸ್ಟಿಗೆ ಒಬ್ಬನೇ ಬಂದ. ಹೆಸರು ಅಳಿಸಿಬಿಡಿ, ಕೈ ಮುಗೀತೀನಿ ಅಂದ. ಮ್ಯಾನೇಜರಮ್ಮ ಬೀರುವಿನಿಂದ ಕಾಗದ ತೆಗೆದು ತೋರಿಸಿದಳು. "ಕಾರು ಓಡೋವರೆಗೂ ಯಾರೂ ಅಳಿಸಕೂಡದು ಅಂತ ನೀವೇ ಸಹಿ ಹಾಕಿದ್ದೀರಲ್ಲ ಸಾರ್. ಕಾರು ನಿಂತ ದಿನ ಬನ್ನಿ, ನೋಡೋಣ."

ಕಾರು ನಿಲ್ಲುತ್ತಾ? ಗುಜರಿಗೆ ಹಾಕಬೇಕು ಅಂದುಕೊಂಡಿದ್ದ ಅದೇ ಕಾರನ್ನು ಮೇಸ್ತ್ರಿ ಈಗ ಹೆತ್ತ ಮಗುವಿಗಿಂತ ಹೆಚ್ಚಾಗಿ ಸಾಕುತ್ತಿದ್ದಾನೆ. ತಿಂಗಳಿಗೊಮ್ಮೆ ಶೆಡ್ಡಿಗೆ ಕರೆಸಿ ಎಣ್ಣೆ ಬದಲಾಯಿಸುತ್ತಾನೆ, ತುಕ್ಕು ಕೆರೆಯುತ್ತಾನೆ, ಒಂದು ಸ್ಕ್ರೂ ಸವೆದರೂ ಹೊಸದು ಹಾಕುತ್ತಾನೆ. ಪೇಟೆಯ ಮೂರು ಗ್ಯಾರೇಜಿನವರು ಬಂದು ಕೆಲಸಕ್ಕೆ ಕರೆದರು, ಮೇಸ್ತ್ರಿ ಹೋಗಲಿಲ್ಲ. ಹೋದರೆ ಈ ಕಾರು ನೋಡಿಕೊಳ್ಳೋರು ಯಾರು? ಕೆಲವರು ಈಗಲೂ ಬಾಯಿತಪ್ಪಿ ಸಡ್ಲ ಅಂದುಬಿಡುತ್ತಾರೆ, ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅವನು ಚಿಲಕವನ್ನು ಈಗ ಒಂದೇ ಸಲ ಹಾಕಿ ಮಲಗುತ್ತಾನೆ.

ಸಂಜೆ ಮನೆಗೆ ಬರುವಾಗ ತುದಿಮನೆ ಮುಂದೆ ಊರುಗೋಲು ಇವತ್ತಿಗೂ ಚೌಕಟ್ಟಿಗೆ ಟಕ್ ಅನ್ನುತ್ತೆ. ಮೇಸ್ತ್ರಿ ನಿಲ್ಲುತ್ತಾನೆ. ಟೈಲರಕ್ಕ ಯಂತ್ರ ನಿಲ್ಲಿಸಿ ಒಳಗಿಂದಲೇ ಕೇಳುತ್ತಾಳೆ.

"ಹೆಂಗಿದೆಯೋ ಕಾರು?"

"ಇನ್ನೂ ಹತ್ತು ವರ್ಷ ಓಡುತ್ತೆ ಅಕ್ಕ."

"ಸಾಕಾಗಲ್ಲ ಕಣೋ" ಅನ್ನುತ್ತಾಳೆ, ಮತ್ತೆ ಯಂತ್ರ ತುಳಿಯುತ್ತಾಳೆ.